ಎಣ್ಣೆಯಕ್ಕನ ಮೂಗು

ಬೀದಿಯವರೆಲ್ಲ ಅವಳನ್ನು ಎಣ್ಣೆಯಕ್ಕ ಎಂದೇ ಕರೆಯುತ್ತಿದ್ದರು. ಅವಳಿಗಿಂತ ಹತ್ತು ವರ್ಷ ಹಿರಿಯರ ಬಾಯಲ್ಲೂ ಅದೇ ಹೆಸರು. ಬಸ್ ಡಿಪೋದ ಹಿಂದಿನ ಗಲ್ಲಿಯಲ್ಲಿ ಒಂದೇ ಗೋಡೆಗೆ ಅಂಟಿಕೊಂಡ ಎರಡು ಮನೆಗಳಿದ್ದವು. ಎಡಗಡೆಯದರಲ್ಲಿ ಅವಳು, ವೈರ್‌ಮನ್ ಕೆಲಸದ ಗಂಡ, ಐದನೇ ಕ್ಲಾಸಿನ ಮಗಳು. ಬಲಗಡೆಯದರಲ್ಲಿ ಮೈದುನ ಮತ್ತು ಅವನ ಹೆಂಡತಿ. ಹಿತ್ತಿಲು ಎರಡೂ ಮನೆಗೆ ಸೇರಿದ್ದು ಎಂದು ಹೇಳಿಕೊಳ್ಳಲು ಮಾತ್ರ. ಅದರ ತುಂಬ ಎಣ್ಣೆಯಕ್ಕನ ದಾಸವಾಳ, ಲೋಳೆಸರ, ಕರಿಬೇವಿನ ಕುಂಡಗಳೇ ಇದ್ದವು. ಓರಗಿತ್ತಿಗೆ ಉಳಿದದ್ದು ಬಟ್ಟೆ ಒಣಹಾಕಲು ಒಂದು ಮೂಲೆ, ಒಂದು ಹಗ್ಗ.

ಮದುವೆಗೆ ಮುಂಚೆ ಅವಳು ಒಂದು ಬ್ಯೂಟಿ ಪಾರ್ಲರಿನಲ್ಲಿ ತಲೆ ತೊಳೆಯುವ ಕೆಲಸಕ್ಕಿದ್ದಳು. ದಿನಕ್ಕೆ ಇಪ್ಪತ್ತು ತಲೆ. ಶಾಂಪೂ, ಬಣ್ಣ, ಕೂದಲು ನೇರ ಮಾಡುವ ಔಷಧಿ ಇವುಗಳಲ್ಲಿ ನೆನೆದು ನೆನೆದು ಅಂಗೈಯ ಚರ್ಮ ಈರುಳ್ಳಿ ಸಿಪ್ಪೆಯ ಹಾಗೆ ಏಳುತ್ತಿತ್ತು. ಮದುವೆಯಾದದ್ದೇ ನೆಪ, ಆ ಕೆಲಸ ಬಿಟ್ಟಳು. ಆದರೆ ಕೂದಲಿನ ಹುಚ್ಚು ಬಿಡಲಿಲ್ಲ. ಮನೆಯಲ್ಲೇ ಎಣ್ಣೆ ಕಾಯಿಸಿ ತನ್ನ ತಲೆಯ ಮೇಲೇ ಪ್ರಯೋಗ ಮಾಡಿಕೊಂಡಳು. ಮೊದಲನೆಯದು ಸೀದುಹೋಯಿತು. ಎರಡನೆಯದು ಹದಿನೈದು ದಿನಕ್ಕೆ ಬೂಷ್ಟು ಹಿಡಿಯಿತು. ಮೂರನೆಯದು ನಿಂತಿತು. ಪಕ್ಕದ ಮನೆಯವರು ಒಂದು ಬಾಟಲಿ ಕೇಳಿದರು, ಅವರ ನಾದಿನಿ ಎರಡು ಕೇಳಿದಳು. ಹೀಗೆ ಹದಿನಾಲ್ಕು ವರ್ಷ ನಡೆಯಿತು. ಎಣ್ಣೆಯ ಜೊತೆಗೆ ಅಂಟುವಾಳ, ಮೆಂತ್ಯ, ಒಣಗಿಸಿದ ಕಿತ್ತಳೆ ಸಿಪ್ಪೆ ಸೇರಿಸಿ ಬೀಸಿದ ತಲೆ ತೊಳೆಯುವ ಪುಡಿಯನ್ನೂ ಮಾಡುತ್ತಿದ್ದಳು. ಆದರೆ ಜನ ಬರುತ್ತಿದ್ದದ್ದು ಎಣ್ಣೆಗೆ.

ಆ ಎಣ್ಣೆಯ ಕಷ್ಟವೆಲ್ಲ ಇಳಿಸುವ ಗಳಿಗೆಯಲ್ಲಿತ್ತು. ದಪ್ಪ ತಳದ ಕಬ್ಬಿಣದ ಬಾಣಲೆಯಲ್ಲಿ ಕೊಬ್ಬರಿ ಎಣ್ಣೆ, ಅದಕ್ಕೆ ದಾಸವಾಳದ ಎಲೆ ಹೂವಿನ ರಸ, ರುಬ್ಬಿದ ಮೆಂತ್ಯ, ಲೋಳೆಸರದ ತಿರುಳು. ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಕಾಯಬೇಕು. ನೀರಿನಂಶ ಪೂರ್ತಿ ಹೋಗಬೇಕು, ಒಂದು ಚೂರು ಉಳಿದರೂ ಎಣ್ಣೆ ಕೆಡುತ್ತದೆ. ಹೋದಮೇಲೆ ಒಂದು ನಿಮಿಷ ಹೆಚ್ಚು ಬಿಟ್ಟರೆ ಸೀಯುತ್ತದೆ. ಬೇರೆಯವರು ಬಣ್ಣ ನೋಡುತ್ತಾರೆ. ಅವಳು ನೋಡುತ್ತಲೇ ಇರಲಿಲ್ಲ. ಬಾಣಲೆಗೆ ಬೆನ್ನು ಹಾಕಿ ಸೊಪ್ಪು ಬಿಡಿಸುತ್ತ ಕೂತಿರುತ್ತಿದ್ದಳು. ಮೊದಲು ಹಸಿ ಹುಲ್ಲಿನ ವಾಸನೆ, ಆಮೇಲೆ ಬೇಯಿಸಿದ ಸೊಪ್ಪಿನದು, ಆಮೇಲೆ ಇದ್ದಕ್ಕಿದ್ದ ಹಾಗೆ ಮೆಂತ್ಯ ಹುರಿದ ಘಮ. ಅಷ್ಟಾದರೆ ಕೈ ತಾನಾಗಿಯೇ ಹಿಂದಕ್ಕೆ ಹೋಗಿ ಗ್ಯಾಸ್ ಆರಿಸುತ್ತಿತ್ತು.

ಅವಳ ಮೂಗಿನ ವಿಷಯ ಗಲ್ಲಿಗೇ ಗೊತ್ತಿತ್ತು. ಬಂದವರು ಯಾವ ಸೋಪು ಹಾಕಿ ಸ್ನಾನ ಮಾಡಿದ್ದಾರೆಂದು ಬಾಗಿಲಲ್ಲೇ ಹೇಳುತ್ತಿದ್ದಳು. ಗಂಡ ಡಿಪೋದ ಮೂಲೆಯಲ್ಲಿ ಒಂದು ಸಿಗರೇಟು ಸೇದಿ, ಬಾಯಿಗೆ ಲವಂಗ ಹಾಕಿಕೊಂಡು ಬಂದರೆ, "ಲವಂಗ ಯಾಕೆ ದಂಡ ಮಾಡಿದ್ರಿ" ಎನ್ನುತ್ತಿದ್ದಳು. "ಇವಳನ್ನ ಪೊಲೀಸ್ ನಾಯಿ ಕೆಲಸಕ್ಕೆ ಸೇರಿಸಿದ್ರೆ ಪಿಂಚಣಿನಾದ್ರೂ ಬರ್ತಿತ್ತು" ಎಂದು ಗಂಡ ಗೊಣಗುತ್ತಿದ್ದ. ಅವಳಿಗೆ ಅದು ಬೈಗುಳವಾಗಿ ಕೇಳಿಸುತ್ತಿರಲಿಲ್ಲ.

ಓರಗಿತ್ತಿ ಮದುವೆಯಾಗಿ ಬಂದ ಹೊಸದರಲ್ಲಿ ಕೆಲಸ ಕಲಿಯುವ ಆಸೆಯಿಂದ ಒಂದು ದಿನ ಬಾಣಲೆಯ ಪಕ್ಕ ನಿಂತಿದ್ದಳು.

"ಈಗ ಇಳಿಸಬಹುದಾ ಅಕ್ಕ?" ಎಂದು ಅರ್ಧದಲ್ಲೇ ಕೇಳಿದಳು.

"ನಿನ್ನ ಮೂಗು ಇರೋದು ಮೂಗುತಿ ಸಿಗಿಸ್ಕೊಳ್ಳೋಕೆ ಅಷ್ಟೆ, ಬಿಡಮ್ಮ" ಎಂದಳು ಎಣ್ಣೆಯಕ್ಕ.

ಬಾಗಿಲಲ್ಲಿ ಮೂವರು ಗಿರಾಕಿಗಳಿದ್ದರು. ಅವರು ನಕ್ಕರು. ಓರಗಿತ್ತಿಯೂ ನಕ್ಕಳು. ಆದರೆ ಆಮೇಲೆ ಆ ಅಡುಗೆಮನೆಯ ಹೊಸ್ತಿಲು ದಾಟಲಿಲ್ಲ.

ಜ್ವರ ಬಂದದ್ದು ಒಂದು ಚಳಿಗಾಲದ ಕೊನೆಗೆ. ಮೊದಲು ಗಂಡನಿಗೆ, ನಾಲ್ಕು ದಿನದಲ್ಲಿ ಅವನು ಎದ್ದು ಓಡಾಡಿದ. ಅವಳು ಒಂಬತ್ತು ದಿನ ಮಲಗಿದಳು. ಎದ್ದಮೇಲೆ ತಿಂದದ್ದೆಲ್ಲ ಸಪ್ಪೆ. ಜ್ವರದ ಬಾಯಿ, ಹೋಗುತ್ತದೆ ಅಂದುಕೊಂಡಳು. ಗಿರಾಕಿಗಳು ಕಾಯುತ್ತಿದ್ದರು. ಹತ್ತನೇ ದಿನ ಬಾಣಲೆ ಇಟ್ಟಳು. ಎಂದಿನಂತೆ ಬೆನ್ನು ಹಾಕಿ ಕೂತು ಕರಿಬೇವು ಬಿಡಿಸತೊಡಗಿದಳು. ಇನ್ನೂ ಹೊತ್ತಿದೆ, ಇನ್ನೂ ಹೊತ್ತಿದೆ ಅಂದುಕೊಳ್ಳುತ್ತಲೇ ಇದ್ದಳು. ಗೋಡೆಯಾಚೆಯಿಂದ ಓರಗಿತ್ತಿಯ ದನಿ ಕೇಳಿಸಿತು.

"ಅಕ್ಕಾ, ಏನೋ ಸೀದು ಹೋಗ್ತಿದೆ."

ತಿರುಗಿ ನೋಡಿದರೆ ಅಡುಗೆಮನೆ ತುಂಬ ಹೊಗೆ. ಮೆಂತ್ಯ ಇದ್ದಿಲಾಗಿತ್ತು. ಅವಳು ಕೂತದ್ದು ಒಲೆಯಿಂದ ಎರಡು ಮೊಳ ದೂರದಲ್ಲಿ.

"ಫೋನ್ ಬಂದಿತ್ತು ಕಣೆ, ಮಾತಾಡ್ತಾ ಮರೆತೆ" ಎಂದು ಕೂಗಿದಳು. ಫೋನು ಬಂದಿರಲಿಲ್ಲ.

ಗಂಡ, ಮಗಳು ಮನೆಯಲ್ಲಿಲ್ಲದ ಹೊತ್ತು ನೋಡಿ ಅವಳು ಪರೀಕ್ಷೆಗೆ ಕೂತಳು. ಲವಂಗವನ್ನು ಜಜ್ಜಿ ಮೂಗಿಗೆ ಹಿಡಿದಳು. ಬಟ್ಟೆ ಸೋಪು, ಸೀಮೆಎಣ್ಣೆ, ಗಂಡನ ಬೆವರಿನ ಅಂಗಿ. ಬರೀ ಗಾಳಿ ಒಳಗೆ ಹೋಗಿ ಹೊರಗೆ ಬಂತು. ಸಂಜೆ ಮಗಳು ಸ್ಕೂಲಿನಿಂದ ಬಂದಾಗ ಹತ್ತಿರ ಎಳೆದುಕೊಂಡು ಅವಳ ನೆತ್ತಿಗೆ ಮುಖ ಒತ್ತಿದಳು. ಹುಟ್ಟಿದ ದಿನದಿಂದ ಗೊತ್ತಿದ್ದ ವಾಸನೆ ಅದು. ಅಲ್ಲಿಯೂ ಏನೂ ಇರಲಿಲ್ಲ. "ಬಿಡಮ್ಮ, ಕಚಗುಳಿ" ಎಂದು ಮಗಳು ಕೊಸರಿಕೊಂಡಳು.

ಗಂಡನಿಗೆ ಹೇಳಬಹುದಿತ್ತು. ಡಾಕ್ಟರಿಗೆ ತೋರಿಸಬಹುದಿತ್ತು. ಆದರೆ ಹದಿನಾಲ್ಕು ವರ್ಷ ಮೂಗಿನ ಹೆಸರಲ್ಲೇ ಬದುಕಿದವಳಿಗೆ ಬಾಯಿ ಬರಲಿಲ್ಲ. "ನೆಗಡಿ ಇನ್ನೂ ಪೂರ್ತಿ ಹೋಗಿಲ್ಲ ರೀ" ಎಂದಷ್ಟೇ ಹೇಳಿದಳು. ದಿನವೂ ಬೆಳಿಗ್ಗೆ ಎದ್ದ ತಕ್ಷಣ ಲವಂಗದ ಡಬ್ಬಿ ಮೂಸುವುದು, ಇವತ್ತೂ ಇಲ್ಲ ಎಂದು ಮುಚ್ಚಿಡುವುದು ನಡೆಯಿತು.

ಕೆಲಸ ನಿಲ್ಲಿಸಲಿಲ್ಲ. ಈಗ ಬಾಣಲೆಗೆ ಮುಖಮಾಡಿ ಕೂತು ಕಿವಿಗೊಟ್ಟಳು. ನೀರಿನಂಶ ಇರುವ ತನಕ ಎಣ್ಣೆ ಚಟಪಟ ಎನ್ನುತ್ತದೆ, ಹೋಗುತ್ತ ಬಂದ ಹಾಗೆ ದನಿ ಸಣ್ಣದಾಗುತ್ತದೆ, ಪೂರ್ತಿ ಸುಮ್ಮನಾದರೆ ಇಳಿಸಬೇಕು. ಗೋಡೆ ಗಡಿಯಾರ ನೋಡಿ ಸಮಯವನ್ನೂ ಗುರುತಿಟ್ಟುಕೊಂಡಳು. ಎರಡು ಸಲ ಎಣ್ಣೆ ಸರಿಯಾಗಿಯೇ ಬಂತು. ಯಾರಿಗೂ ಅನುಮಾನ ಬರಲಿಲ್ಲ. ಹೀಗೇ ನಿಭಾಯಿಸಿಬಿಡಬಹುದು ಎಂಬ ಧೈರ್ಯ ಹುಟ್ಟಿತು.

ಅಷ್ಟರಲ್ಲಿ ಅವಳು ಯಾವಾಗಲೂ ಕೊಬ್ಬರಿ ಎಣ್ಣೆ ತರುತ್ತಿದ್ದ ಮಿಲ್ಲು ರಿಪೇರಿಗೆಂದು ಮುಚ್ಚಿತು. ಮಾರ್ಕೆಟ್ಟಿನ ಇನ್ನೊಂದು ಅಂಗಡಿಗೆ ಹೋದಳು. ಅಂಗಡಿಯವನು ಹಳೆಯ ದಾಸ್ತಾನಿನಿಂದ ಒಂದು ಟಿನ್ನು ಎಳೆದು, ಮುಚ್ಚಳ ತೆಗೆದು, ಅವಳ ಮುಂದೆ ಇಟ್ಟ.

"ನಿಮಗೆ ನಾನೇನು ಹೇಳೋದು ಅಕ್ಕ. ನೀವೇ ಮೂಸಿ ನೋಡಿ, ಬೇಕಾದ್ರೆ ತಗೊಳ್ಳಿ."

ಅವಳು ಬಗ್ಗಿದಳು. ಎಂದಿನಂತೆ ಕಣ್ಣು ಮುಚ್ಚಿ ದೀರ್ಘವಾಗಿ ಉಸಿರೆಳೆದುಕೊಂಡಳು. ಅಂಗಡಿಯವನು ಅವಳ ಮುಖವನ್ನೇ ನೋಡುತ್ತಿದ್ದ.

"ಪರವಾಗಿಲ್ಲ, ಕೊಡಿ" ಎಂದಳು.

ಅವನು ತಾನೂ ಒಂದು ಸಲ ಟಿನ್ನಿಗೆ ಬಗ್ಗಿ ಮೂಸಿದ. ಏನೋ ಹೇಳಲು ಹೊರಟವನ ಹಾಗೆ ಕಂಡ. ಆಮೇಲೆ ಮುಚ್ಚಳ ಬಿಗಿದು ಟಿನ್ನನ್ನು ಆಟೋದಲ್ಲಿಡಿಸಿದ.

ಆ ಎಣ್ಣೆ ಕಮಟಾಗಿತ್ತು. ಎಷ್ಟು ಸೊಪ್ಪು ಹಾಕಿ ಕಾಯಿಸಿದರೂ ಕಮಟು ಹೋಗುವುದಿಲ್ಲ, ಬಿಸಿಗೆ ಇನ್ನಷ್ಟು ಏಳುತ್ತದೆ. ಬಣ್ಣ ಚೆನ್ನಾಗಿತ್ತು, ಸದ್ದು ಸರಿಯಾದ ಹೊತ್ತಿಗೆ ನಿಂತಿತ್ತು. ಅವಳು ಬಾಟಲಿಗೆ ತುಂಬಿ, ಚೀಟಿ ಅಂಟಿಸಿ, ಮನೆಮನೆಗೆ ಕಳಿಸಿದಳು. ಭಾನುವಾರ ಮಗಳನ್ನು ಮಣೆಯ ಮೇಲೆ ಕೂರಿಸಿಕೊಂಡು ಉದ್ದ ಕೂದಲಿಗೆ ಬುಡದಿಂದ ತುದಿಯ ತನಕ ಹಚ್ಚಿದಳು. ಆ ಕೂದಲು ಸೊಂಟ ಮುಟ್ಟುತ್ತಿತ್ತು. ಗಿರಾಕಿಗಳಿಗೆ ತೋರಿಸಲು ಅದಕ್ಕಿಂತ ಒಳ್ಳೆಯ ಬೋರ್ಡು ಅವಳಿಗೆ ಬೇಕಿರಲಿಲ್ಲ.

"ಅಮ್ಮ, ಈ ಎಣ್ಣೆ ಒಂಥರಾ ವಾಸನೆ ಬರ್ತಿದೆ" ಎಂದಳು ಮಗಳು.

ಎಣ್ಣೆಯಕ್ಕನ ಕೈ ನಿಂತಿತು. "ಒಂಥರಾ ಅಂದ್ರೆ?"

"ಗೊತ್ತಿಲ್ಲ. ಹಳೇ ಡಬ್ಬಿ ಥರ."

ತನಗಾದದ್ದು ಹೆದರಿಕೆ ಎಂದು ಅವಳಿಗೆ ಗೊತ್ತಾಗಲಿಲ್ಲ, ಸಿಟ್ಟು ಅಂದುಕೊಂಡಳು. ಮಗಳ ಬೆನ್ನಿಗೆ ಒಂದು ಬಿಟ್ಟಳು. "ಊರಿಗೆಲ್ಲ ಆಗೋ ಎಣ್ಣೆ ನಿನಗಾಗಲ್ವಾ? ದೊಡ್ಡ ಮೂಗಿನವಳು ಬಂದುಬಿಟ್ಲು. ಇನ್ನೊಂದ್ಸಲ ಎಣ್ಣೆ ವಿಷಯಕ್ಕೆ ಬಾಯಿ ಬಿಟ್ರೆ ನೋಡು."

ಮಗಳು ಅಳಲಿಲ್ಲ. ತಲೆ ಬಗ್ಗಿಸಿ ಕೂತು ಜಡೆ ಹಾಕಿಸಿಕೊಂಡಳು. ಮುಂದಿನ ಭಾನುವಾರ, ಅದರ ಮುಂದಿನ ಭಾನುವಾರ ಕೇಳದೆಯೇ ಬಂದು ಮಣೆಯ ಮೇಲೆ ಕೂತಳು, ಒಂದು ಮಾತೂ ಆಡಲಿಲ್ಲ.

ಗಂಡ ಕಿಟಕಿ ತೆಗೆದಿಡುತ್ತಿದ್ದ, ಅವಳ ಮೂಗಿನ ಮುಂದೆ ತನ್ನದು ಎಷ್ಟರದು ಎಂದು ಬಾಯಿ ಬಿಡಲಿಲ್ಲ. ಗಿರಾಕಿಗಳೂ ಏನೂ ಹೇಳಲಿಲ್ಲ. ಕೇಳಿದರೆ "ಇನ್ನೂ ಇದೆ ಅಕ್ಕ" ಎನ್ನುತ್ತಿದ್ದರು, ಅಥವಾ "ಊರಲ್ಲಿರಲಿಲ್ಲ" ಎನ್ನುತ್ತಿದ್ದರು. ರಸ್ತೆಯಲ್ಲಿ ಎದುರಾದರೆ ಮುಖ ಕೊಟ್ಟು ಮಾತಾಡುವವರು ಕಡಿಮೆಯಾದರು. ತಿಂಗಳು ಕಳೆಯುವಷ್ಟರಲ್ಲಿ ಕಪಾಟಿನಲ್ಲಿ ಬಾಟಲಿಗಳು ಹಾಗೇ ಸಾಲಾಗಿ ನಿಂತವು. ಬೇಸಿಗೆ ಬಂತಲ್ಲ, ಜನ ಎಣ್ಣೆ ಹಚ್ಚುವುದು ಕಡಿಮೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಹಿಂದಿನ ಬೇಸಿಗೆಗಳಲ್ಲಿ ಹಾಗಾಗಿರಲಿಲ್ಲ.

ಒಂದು ಶನಿವಾರ ಮಧ್ಯಾಹ್ನ ಮಗಳ ಕ್ಲಾಸ್ ಟೀಚರು ಮನೆಗೆ ಬಂದರು. ತೆಳ್ಳಗಿನ, ಮೆಲುದನಿಯ ಹೆಂಗಸು. ಒಳಗೆ ಕಾಲಿಟ್ಟವರು ಸೆರಗನ್ನು ಮೂಗಿನ ತನಕ ತಂದು, ಮತ್ತೆ ಇಳಿಸಿ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತರು. ಮಗಳು ಆಗ ಪಕ್ಕದ ಮನೆಯಲ್ಲಿ ಚಿಕ್ಕಮ್ಮನ ಜೊತೆಗಿದ್ದಳು.

"ನೀರು ಕೊಡ್ಲಾ ಮಿಸ್? ಇವಳೇನಾದ್ರೂ ತರಲೆ ಮಾಡಿದ್ಲಾ?"

"ಇಲ್ಲಮ್ಮ, ಪಾಪ. ಅವಳು ಬೆಳಿಗ್ಗೆ ಎಷ್ಟು ಹೊತ್ತಿಗೆ ಮನೆ ಬಿಡ್ತಾಳೆ?"

"ಎಂಟಕ್ಕೆ. ಸ್ಕೂಲು ಒಂಬತ್ತೂವರೆಗೆ ಅಲ್ವಾ, ಆಟಕ್ಕೆ ಅಂತ ಬೇಗ ಹೋಗ್ತಾಳೆ."

"ಆಟಕ್ಕಲ್ಲ." ಟೀಚರು ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. "ಸ್ಕೂಲ್ ಹಿಂದೆ ನಲ್ಲಿ ಇದೆಯಲ್ಲ, ಅಲ್ಲಿ ಜಡೆ ಬಿಚ್ಚಿ ತಲೆ ತೊಳ್ಕೋತಾಳೆ. ಬ್ಯಾಗಲ್ಲಿ ಬಟ್ಟೆ ಸೋಪು ಇಟ್ಕೊಂಡಿದ್ದಾಳೆ. ಮೊನ್ನೆ ನಾನು ಬೇಗ ಹೋಗಿದ್ದೆ, ಕಣ್ಣಾರೆ ಕಂಡೆ. ನೆತ್ತಿಯೆಲ್ಲ ಕೆಂಪಗೆ ಹುಣ್ಣಾಗಿದೆ. ನೀವು ನೋಡಿಲ್ವಾ?"

ನೋಡಿದ್ದಳು. ಹೊಟ್ಟು ಅಂದುಕೊಂಡು ಇನ್ನಷ್ಟು ಎಣ್ಣೆ ತಿಕ್ಕಿದ್ದಳು.

"ಒಂದು ತಿಂಗಳಿಂದ ಅವಳ ಬೆಂಚಲ್ಲಿ ಯಾರೂ ಕೂರ್ತಿಲ್ಲ. ಮಕ್ಕಳು ಮೂಗು ಹಿಡ್ಕೋತಾರೆ. ನಾನು ಬೈದೆ, ಆದ್ರೆ ಎಷ್ಟು ಅಂತ ಬೈಯೋದು. ಅವಳನ್ನ ಕೇಳಿದ್ರೆ, ಅಮ್ಮನಿಗೆ ಹೇಳಬೇಡಿ ಮಿಸ್, ಅಂತಾಳೆ." ಟೀಚರು ಎದ್ದು ಕಪಾಟಿನಿಂದ ಒಂದು ಬಾಟಲಿ ತೆಗೆದರು, ಮುಚ್ಚಳ ಬಿಚ್ಚಿ ಅವಳ ಕೈಗೆ ಕೊಟ್ಟರು. "ತಪ್ಪು ತಿಳ್ಕೋಬೇಡಿ. ನೀವೇ ಒಂದ್ಸಲ ಮೂಸಿ ನೋಡಿ."

ಎಣ್ಣೆಯಕ್ಕ ಬಾಟಲಿಯನ್ನು ಮೂಗಿನ ಹತ್ತಿರ ಹಿಡಿದಳು. ಅಭ್ಯಾಸಬಲದಿಂದ ಮಾತು ಹೊರಟೇಬಿಟ್ಟಿತು. "ಸರಿಯಾಗೇ ಇದೆಯಲ್ಲ ಮಿಸ್."

ಟೀಚರು ಅವಳನ್ನೇ ನೋಡಿದರು. ಆ ನೋಟದಲ್ಲಿ ಸಿಟ್ಟು ಇರಲಿಲ್ಲ. "ನಿಮಗೆ ವಾಸನೆ ಗೊತ್ತಾಗ್ತಿಲ್ಲ ಅಲ್ವಾ?" ಎಂದರು.

ಎರಡು ತಿಂಗಳಲ್ಲಿ ಆ ಪ್ರಶ್ನೆ ಕೇಳಿದವರು ಅವರೊಬ್ಬರೇ. ಎಣ್ಣೆಯಕ್ಕ ನೆಲದ ಮೇಲೆ ಕೂತಳು. ಬಾಟಲಿ ಓರೆಯಾಗಿ ಎಣ್ಣೆ ಸೀರೆಗೆ ಸುರಿಯುತ್ತಿದ್ದರೂ ಅವಳ ಗಮನಕ್ಕೆ ಬರಲಿಲ್ಲ. ಟೀಚರೇ ಅದನ್ನು ತೆಗೆದಿಟ್ಟರು.

ಟೀಚರು ಹೋದಮೇಲೆ ಅವಳು ಪಕ್ಕದ ಮನೆಗೆ ಹೋದಳು. ಮಗಳು ಒಳಗಿನ ಕೋಣೆಯಲ್ಲಿ ನಿದ್ದೆ ಮಾಡುತ್ತಿದ್ದಳು. ಓರಗಿತ್ತಿ ಬಟ್ಟೆ ಮಡಚುತ್ತಿದ್ದಳು.

"ನಿನಗೆ ಗೊತ್ತಿತ್ತಾ?"

"ಏನು ಅಕ್ಕ?"

"ಎಣ್ಣೆ ಕಮಟು ಅಂತ."

"ಹಿತ್ತಿಲೆಲ್ಲ ನಾರ್ತಿತ್ತು. ಒಣಗಿದ ಬಟ್ಟೆಗೂ ಹಿಡ್ಕೊಂಡಿತ್ತು." ಓರಗಿತ್ತಿ ಕೈಯಲ್ಲಿದ್ದ ದಿಂಬಿನ ಕವರನ್ನು ಮಡಚಿ ಮುಗಿಸಿದಳು. "ಆವತ್ತು ಬಾಣಲೆ ಸೀದಾಗಲೇ ನನಗೆ ಅನುಮಾನ ಬಂತು. ಫೋನು ಇಲ್ಲೇ ಚಾರ್ಜಿಗೆ ಹಾಕಿದ್ರಿ, ನಿಮ್ಮನೆ ಪ್ಲಗ್ ಕೆಟ್ಟಿತ್ತಲ್ಲ."

"ಮತ್ತೆ ಯಾಕೆ ಹೇಳಲಿಲ್ಲ?"

"ಹೇಳೋಕೆ ನನಗೆ ಮೂಗಿಲ್ಲವಲ್ಲ ಅಕ್ಕ."

ಹೇಳಿದವಳಿಗೂ ಆ ಮಾತು ನುಂಗಲಾಗದ ತುತ್ತಾಗಿ ನಿಂತಿತು. ಎಣ್ಣೆಯಕ್ಕ ನಲ್ಲಿಯ ವಿಷಯ, ಬಟ್ಟೆ ಸೋಪಿನ ವಿಷಯ ಹೇಳಿದಳು. ಓರಗಿತ್ತಿ ಮಡಚುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟಳು. "ಮಗು ಕಥೆ ನನಗೆ ಗೊತ್ತಿರಲಿಲ್ಲ ಅಕ್ಕ. ಆಣೆಗೂ ಗೊತ್ತಿರಲಿಲ್ಲ. ಗಿರಾಕಿಗಳು ಹೋದ್ರೆ ಹೋಗ್ಲಿ, ಒಂದಿನ ಗೊತ್ತಾಗುತ್ತೆ ಅಂದ್ಕೊಂಡಿದ್ದೆ, ಅಷ್ಟೆ." ಎಣ್ಣೆಯಕ್ಕ ಅವಳನ್ನು ಬೈಯಲಿಲ್ಲ. ಬೈಯುವ ಶಕ್ತಿ ಎಲ್ಲಿಂದ ತರುವುದು.

ಸಂಜೆ ಮಗಳ ನೆತ್ತಿಗೆ ಮುಲಾಮು ಹಚ್ಚುತ್ತ ಕೇಳಿದಳು. "ನನಗೆ ಯಾಕಮ್ಮ ಹೇಳಲಿಲ್ಲ?"

"ಹೇಳಿದ್ನಲ್ಲ" ಎಂದಳು ಮಗಳು.

ಎರಡು ದಿನದ ಮೇಲೆ ಗಂಡನ ಜೊತೆ ಆಸ್ಪತ್ರೆಗೆ ಹೋದಾಗ ಡಾಕ್ಟರು ಮೂಗಿನೊಳಗೆ ಲೈಟು ಬಿಟ್ಟು ನೋಡಿದರು. ಜ್ವರಕ್ಕೆ ನರ ಸತ್ತಿದೆ, ಬಂದರೆ ತಾನಾಗಿಯೇ ಬರಬೇಕು, ಬರದೇ ಇರಲೂಬಹುದು, ದಿನಾ ನಾಲ್ಕು ಥರದ ವಾಸನೆ ಮೂಸಿ ಅಭ್ಯಾಸ ಮಾಡಿ ಎಂದರು. ಗಂಡ ಹೊರಗೆ ಬಂದಮೇಲೆ ಡಾಕ್ಟರ ಚೀಟಿ ಮಡಚಿ ಜೇಬಿಗಿಟ್ಟುಕೊಂಡ. ಬಸ್ ಸ್ಟಾಪಿನಲ್ಲಿ, "ನನಗಾದ್ರೂ ಹೇಳಬಾರದಿತ್ತೇನೇ" ಎಂದ. "ಹೇಳಿದ್ರೆ ನೀವು ನಗ್ತೀರಿ ಅನ್ಸಿತ್ತು" ಎಂದಳು. ಅವನು ರಸ್ತೆ ಕಡೆ ತಿರುಗಿಕೊಂಡ.

ಅವನೇ ಅವಳನ್ನು ಕರೆದುಕೊಂಡು ಮನೆಮನೆಗೆ ಹೋದ. ಅವಳು ಪ್ರತಿ ಬಾಗಿಲಲ್ಲೂ ಒಂದೇ ಮಾತು ಹೇಳಿದಳು. "ನನಗೆ ವಾಸನೆ ಗೊತ್ತಾಗ್ತಿಲ್ಲ. ಎಣ್ಣೆ ಕೆಟ್ಟಿದೆ. ಬಾಟಲಿ ವಾಪಸ್ ಕೊಡಿ." ಕೆಲವರು ತಂದುಕೊಟ್ಟರು. ಕೆಲವರು ಆಗಲೇ ಎಸೆದಿದ್ದರು. ಒಬ್ಬ ಹೆಂಗಸು, "ನಾವು ಬಚ್ಚಲ ಪೈಪು ಕಟ್ಟಿದೆ ಅಂದ್ಕೊಂಡು ಪ್ಲಂಬರನ್ನ ಕರೆಸಿದ್ವಿ. ಅವನು ನೆಲ ಅಗೆದಮೇಲೆ ಗೊತ್ತಾಯ್ತು, ವಾಸನೆ ನಮ್ಮ ಅತ್ತೆ ತಲೆದು ಅಂತ" ಎಂದಳು. ಗಂಡ ನಕ್ಕುಬಿಟ್ಟ. ಎಣ್ಣೆಯಕ್ಕನೂ ನಗಲು ನೋಡಿದಳು, ಆಗಲಿಲ್ಲ.

ಅದೇ ವಾರ ಮಗಳು ಕೂದಲು ಕತ್ತರಿಸಬೇಕೆಂದಳು. ಹುಣ್ಣು ಒಣಗಿದಮೇಲೆ ನೋಡೋಣ ಎಂದರೆ ಕೇಳಲಿಲ್ಲ. ಸೊಂಟದ ತನಕ ಇದ್ದದ್ದು ಕಿವಿಯ ಮೇಲಕ್ಕೆ ಬಂತು. ಪಾರ್ಲರಿನಲ್ಲಿ ಕತ್ತರಿಸಿದವಳು ಆ ಜಡೆಯನ್ನು ರಬ್ಬರ್ ಬ್ಯಾಂಡ್ ಸಮೇತ ಎಣ್ಣೆಯಕ್ಕನ ಕೈಗಿಟ್ಟು, "ಇಷ್ಟು ಚೆನ್ನಾಗಿರೋ ಕೂದಲು, ಎಷ್ಟು ವರ್ಷ ಬೆಳೆಸಿದ್ರೋ" ಎಂದಳು.

ಮಳೆಗಾಲದ ಹೊತ್ತಿಗೆ ಎಣ್ಣೆಯಕ್ಕ ಓರಗಿತ್ತಿಯನ್ನು ತಾನಾಗಿಯೇ ಕರೆದಳು. ಬಾಣಲೆಯ ಪಕ್ಕ ಇಬ್ಬರೂ ನಿಂತರು.

"ಈಗ ಹೇಗಿದೆ?"

"ಹಸಿ ಹಸಿ."

"ಈಗ?"

"ಸೊಪ್ಪು ಬೇಯಿಸಿದ ಹಾಗೆ."

"ಈಗ?"

ಓರಗಿತ್ತಿ ಕಣ್ಣು ಮುಚ್ಚಿದಳು. ತಪ್ಪಾದರೆ ಎಂಬ ಅಂಜಿಕೆ ಅವಳ ಹುಬ್ಬಿನಲ್ಲಿ ಕಾಣುತ್ತಿತ್ತು. "ಏನೋ ಹುರಿದ ಹಾಗೆ ಅಕ್ಕ. ಈಗಷ್ಟೇ ಶುರುವಾಯ್ತು."

"ಇಳಿಸು."

ಎಣ್ಣೆ ಚೆನ್ನಾಗಿ ಬಂದಿದೆ ಎಂದು ಜನ ಹೇಳಿದರು. ಹಳೆಯ ಗಿರಾಕಿಗಳಲ್ಲಿ ಅರ್ಧದಷ್ಟು ಜನ ತಿರುಗಿ ಬಂದರು. ಒಂದು ವರ್ಷ ಹಾಗೆ ನಡೆಯಿತು. ಬಂದವರು ಬಾಟಲಿಯ ಮುಚ್ಚಳ ತೆಗೆದು ಓರಗಿತ್ತಿಯ ಕಡೆ ನೋಡಿ ತಲೆಯಾಡಿಸುತ್ತಿದ್ದರು. ಎಣ್ಣೆಯಕ್ಕ ಚೀಟಿ ಅಂಟಿಸುತ್ತ ಕೂತಿರುತ್ತಿದ್ದಳು.

ಆಮೇಲೆ ಒಂದು ಬೆಳಿಗ್ಗೆ ಅವಳಿಗೆ ವಾಸನೆ ಬಂತು. ಕೊಬ್ಬರಿ ಎಣ್ಣೆಯ ಟಿನ್ನು ತೆರೆದಾಗ ಮೂಗಿಗೆ ಏನೋ ಬಡಿಯಿತು. ಸಂತೋಷದಿಂದ ಓರಗಿತ್ತಿಯನ್ನು ಕೂಗಿದಳು. ಮತ್ತೆ ಮೂಸಿದಳು. ಟಯರು ಸುಟ್ಟ ವಾಸನೆ. ಟಿನ್ನು ಹೊಸದು, ಅದೇ ಹಳೆಯ ಮಿಲ್ಲಿನದು. ಓರಗಿತ್ತಿ ಮೂಸಿ, "ಘಮ ಅಂತಿದೆಯಲ್ಲ ಅಕ್ಕ" ಎಂದಳು. ಲವಂಗವೂ ಹಾಗೇ ನಾತ, ಕರಿಬೇವೂ ಹಾಗೇ, ಗಂಡನ ಅಂಗಿಯೂ ಹಾಗೇ. ಮಗಳನ್ನೂ ಕರೆದುಕೊಂಡು ಹೋಗಿ ಡಾಕ್ಟರನ್ನು ಕೇಳಿದರೆ ಸತ್ತ ನರ ಚಿಗುರುತ್ತಿದೆ, ಆದರೆ ತಪ್ಪು ಜಾಗಕ್ಕೆ ಹೋಗಿ ಸೇರಿದೆ, ಸರಿಹೋಗಲು ವರ್ಷಗಳು ಬೇಕಾಗಬಹುದು ಎಂದರು. ಬಾಣಲೆ ಕಾಯುವ ಹೊತ್ತಿಗೆ ಅವಳು ವಾಂತಿ ಮಾಡಿಕೊಳ್ಳತೊಡಗಿದಳು. ಎರಡು ವಾರ ಸಹಿಸಿದಳು. ಆಮೇಲೆ ಬಾಣಲೆ, ಬಾಟಲಿಗಳು, ಕುಂಡಗಳು ಎಲ್ಲವೂ ಬಲಗಡೆಯ ಮನೆಯ ಪಾಲಿಗೆ ಹೋದವು. ಅವಳು ದರ್ಜಿ ಅಂಗಡಿಯೊಂದರಲ್ಲಿ ಗುಂಡಿ ಹಾಕುವ, ಕಾಜಾ ಹೊಲಿಯುವ ಕೆಲಸಕ್ಕೆ ಸೇರಿಕೊಂಡಳು. ಅಲ್ಲಿ ಅವಳಿಗೆ ಯಾವ ಹೆಸರೂ ಇರಲಿಲ್ಲ.

ಮಗಳ ಕೂದಲು ಮತ್ತೆ ಭುಜದ ತನಕ ಬೆಳೆದಿತ್ತು. ಒಂದು ದಿನ ಸ್ಕೂಲಿಗೆ ಹೊರಡಿಸುವಾಗ ಜಡೆ ಹಾಕಲು ಬಗ್ಗಿದ ಎಣ್ಣೆಯಕ್ಕ, ನೆತ್ತಿಯಿಂದ ಎದ್ದ ವಾಸನೆಗೆ ತಡೆಯಲಾರದೆ ಮುಖ ಪಕ್ಕಕ್ಕೆ ತಿರುಗಿಸಿದಳು. ಎದುರಿನ ಕನ್ನಡಿಯಲ್ಲಿ ಮಗಳು ಅದನ್ನು ನೋಡಿದಳು.

"ನಿನ್ನ ತಲೆ ಅಲ್ಲ ಪುಟ್ಟ. ನನ್ನ ಮೂಗು ಕಣೇ. ನನಗೆ ಎಲ್ಲಾನೂ ಹಾಗೇ ಅನ್ಸುತ್ತೆ. ಡಾಕ್ಟರ್ ಹೇಳಿದ್ದು ನೀನೇ ಕೇಳಿದ್ಯಲ್ಲ."

"ಗೊತ್ತಮ್ಮ" ಎಂದಳು ಮಗಳು, ಅಮ್ಮನ ಕೈಯಿಂದ ಬಾಚಣಿಗೆ ತೆಗೆದುಕೊಂಡು. "ನಾನೇ ಹಾಕ್ಕೋತೀನಿ."

ಅಂದಿನಿಂದ ಮಗಳು ದಿನವೂ ತಲೆಗೆ ಸ್ನಾನ ಮಾಡುತ್ತಾಳೆ. ಬೆಳಿಗ್ಗೆ ಒಂದು ಸಲ, ಸ್ಕೂಲಿನಿಂದ ಬಂದಮೇಲೆ ಇನ್ನೊಂದು ಸಲ. ಅಂಗಡಿಯ ಶಾಂಪೂವಿನ ಖಾಲಿ ಪ್ಯಾಕೆಟ್ಟುಗಳು ಬಚ್ಚಲ ಮೂಲೆಯಲ್ಲಿ ಬಿದ್ದಿರುತ್ತವೆ. ಎಣ್ಣೆಯಕ್ಕ ಕೆಲಸದಿಂದ ಬಂದು ಕೈಕಾಲು ತೊಳೆಯಲು ಬಚ್ಚಲ ಬಾಗಿಲಲ್ಲಿ ಕಾಯುತ್ತ ನಿಲ್ಲುತ್ತಾಳೆ. ಒಳಗೆ ನೀರು ಸುರಿಯುವ ಸದ್ದು ನಿಲ್ಲುತ್ತದೆ, ಮತ್ತೆ ಶುರುವಾಗುತ್ತದೆ.

"ಸಾಕು ಬಾರಮ್ಮ. ಚೊಕ್ಕಟವಾಗಿದೆ."

"ಇನ್ನೊಂದ್ಸಲ ಹಾಕ್ಕೋತೀನಿ" ಎಂದು ಮಗಳು ಒಳಗಿನಿಂದ ಹೇಳುತ್ತಾಳೆ.